ದಂಡಿನ ಹಾದಿಯ ವಾದ್ಯಗಾರರು

ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿ ಉತ್ತರಕ್ಕೆ ಹೊರಟ ಹೆದ್ದಾರಿಯು ರಾಣೆಬೆನ್ನೂರನ್ನು ಮುಟ್ಟಿ, ಬ್ಯಾಡಗಿಯ ಪೇಟೆಯನ್ನು ಕೊಂಚ ದೂರದಲ್ಲಿ ಬಿಟ್ಟು, ಮೋಟೆಬೆನ್ನೂರಿನ ಮೇಲೆ ಹಾವೇರಿಗೆ ಸಾಗುತ್ತದೆ. ಹತ್ತಿ, ಮೆಣಸಿನಕಾಯಿ, ಏಲಕ್ಕಿಯ ಮಾಲೆ ಇವುಗಳಿಂದ ಹೆಸರಾದ ಈ ಊರುಗಳನ್ನು ಆಂಗ್ಲ ಸೈನ್ಯದ ವಾದ್ಯಗಳೊಡನೆ ಸೇರಿಸಿ ಮಾತನಾಡುವುದು ವಿಚಿತ್ರವೆಂದು ಕೆಲವರಿಗೆ ತೋರಬಹುದು. ಆದರೆ ಬೆಂಗಳೂರಿನಿಂದ ಧಾರವಾಡ ಬೆಳಗಾವಿಗಳಿಗೆ ದಂಡು ನಡೆಯುವ ದಾರಿ ಇದೇ. ಹರಿಹರದ ಬಳಿ 1865ರ ವರೆಗೂ ದೇಶೀಯ ಸಿಪಾಯಿಗಳ ಒಂದು ಪಟಾಲಮು ಬೀಡುಬಿಟ್ಟಿತ್ತು. ಹೊಳೆಯ ಆಚೆಯ ದಡವೇ ರಾಣೆಬೆನ್ನೂರಿನ ಸೀಮೆ.

ಈ ಸೀಮೆ ಆಂಗ್ಲರ ನಗಾರಿಯನ್ನು ಕೇಳಿದುದು ಮಂಗಳ ಸಮಯದಲ್ಲಿ ಅಲ್ಲ. ಶ್ರೀರಂಗಪಟ್ಟಣವು ಬಿದ್ದಾಗ ಸೆರೆಯಿಂದ ಹೊರಬಿದ್ದ ಧೋಂಡಿಯ ವಾಘನನ್ನು ಬೆನ್ನಟ್ಟಿಕೊಂಡು ಕರ್ನಲ್ ಆರ್ಥರ್ ವೆಲ್ಲೆಸ್ಲಿಯು 1800ನೆಯ ಇಸವಿಯ ಜೂನ್ ತಿಂಗಳ ಕೊನೆಯಲ್ಲಿ ರಾಣೆಬೆನ್ನೂರಿಗೆ ಬಂದನು. ಕೋಟೆಯವರು ಮುಂದಿನ ತುಕಡಿಯ ಮೇಲೆ ಗುಂಡು ಹಾರಿಸಿದರು. ಕೋಟೆಯನ್ನು ಲಗ್ಗೆಹತ್ತಿ ಹಿಡಿದರು; ಒಳಗಿದ್ದವರಲ್ಲಿ ಬಹುಮಂದಿ ಮಡಿದರು. ಅಲ್ಲಿಂದ ದಂಡು ಹಾವೇರಿಗೂ, ಅದರ ಬಳಿಯ ದೇವಗಿರಿಯಲ್ಲಿ ವರದಾ ನದಿಯ ದಡಕ್ಕೂ ನಡೆಯಿತು. ಧೋಂಡಿಯನು ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಹತನಾದನು. ಈ ವೆಲ್ಲೆಸ್ಲಿಯ ತಂದೆ ಡಬ್ಲಿನ್ ನಗರದ ಟ್ರಿನಿಟಿ ಕಾಲೇಜಿನಲ್ಲಿ ಸಂಗೀತದ ಪ್ರಾಧ್ಯಾಪಕನಾಗಿದ್ದವನು. ಮಗನೂ ಪಿಟೀಲನ್ನು ಚೆನ್ನಾಗಿ ನುಡಿಸುತ್ತಿದ್ದನಂತೆ. ಸೈನಿಕ ವೃತ್ತಿಗೆ ಅದು ತಕ್ಕದ್ದಲ್ಲವೆಂದು 1793ರಲ್ಲಿ ಸುಟ್ಟುಹಾಕಿದನೆಂದು ಹೇಳುತ್ತಾರೆ.

ಸೇನಾಪತಿಯು ಸಂಗೀತವನ್ನು ಬಿಟ್ಟರೂ ಸೇನೆ ಬಿಡುವಂತಿರಲಿಲ್ಲ. ಸಾವಿರಾರು ಜನಕ್ಕೆ ಒಂದೇ ಸಲ ಅಪ್ಪಣೆ ಮುಟ್ಟಿಸಲು ಮನುಷ್ಯನ ಗಂಟಲು ಸಾಲದು. ಕಾಲಾಳುಗಳಿಗೆ ತಮ್ಮಟೆಯೂ ಫೈಫ್ ಎಂಬ ಕಿರುಗೊಳಲೂ, ಕುದುರೆಯ ಸವಾರರಿಗೆ ತುತ್ತೂರಿಯೂ ಅಪ್ಪಣೆಯ ಭಾಷೆಯಾಗಿದ್ದವು. ನಸುಕಿನಲ್ಲಿ ಒಂದು ಬಗೆಯ ಬಡಿತವಾದರೆ ಡೇರೆ ಕೀಳಬೇಕು, ಇನ್ನೊಂದಾದರೆ ಸಾಲಾಗಿ ನಿಲ್ಲಬೇಕು, ಮತ್ತೊಂದಾದರೆ ಹೆಜ್ಜೆಯಿಡಬೇಕು. ರಾತ್ರಿಯ ಬಡಿತವನ್ನು ಕೇಳಿದ ಮೇಲೆ ಹೊರಗೆ ಅಲೆಯುವಂತಿಲ್ಲ. ಮಳೆಗಾಲದಲ್ಲಿ ಚರ್ಮವು ತೇವ ಹೀರಿ ಸಡಿಲವಾದರೆ ತಮ್ಮಟೆಯ ದನಿ ಮಂಕಾಗುವುದನ್ನು ನಮ್ಮ ಹಲಗೆಯವರೂ ಬಲ್ಲರು. ಅವರಂತೆ ಬೆಂಕಿ ಕಾಯಿಸಿ ಬಿಗಿಮಾಡಿಕೊಳ್ಳಲು ನಡೆಯುವ ದಂಡಿಗೆ ಬಿಡುವೆಲ್ಲಿಯದು? ಹಿತ್ತಾಳೆ ತಾಮ್ರಗಳ ಬಿಗಿಲಿಗೆ ಈ ತೊಂದರೆಯಿಲ್ಲ.

ಇವನ್ನು ನುಡಿಸುತ್ತಿದ್ದವರು ಯಾರು? ಇಲ್ಲಿ ನಾವು ಕೊಂಚ ತಡೆದು ನಿಲ್ಲಬೇಕಾಗಿದೆ. ತಂದೆ ಯುರೋಪಿಯನನಾಗಿ ತಾಯಿ ಈ ದೇಶದವಳಾದ ಮಕ್ಕಳು ಕಂಪೆನಿಯ ಸೈನ್ಯದಲ್ಲಿ ಆಯುಧ ಹಿಡಿಯಲಾಗದೆಂದು 1795ರಲ್ಲಿ ಕಟ್ಟಳೆಯಾಯಿತು. ಅವರಿಗೆ ತೆರೆದಿದ್ದ ಬಾಗಿಲುಗಳು ನಾಲ್ಕೇ: ತಮ್ಮಟೆ, ಕಿರುಗೊಳಲು, ಬ್ಯಾಂಡು, ಕುದುರೆಗೆ ಲಾಳ ಕಟ್ಟುವ ಕೆಲಸ. ಅಪ್ಪನ ಸೈನ್ಯದಲ್ಲಿ ಮಗನು ಸೈನಿಕನಾಗಲಾರ. ಆದರೆ ಆ ಸೈನ್ಯವು ಅವನ ಕೋಲಿನ ಪೆಟ್ಟಿಗೆ ಹೆಜ್ಜೆ ಹಾಕಬಹುದು! ಆಂಗ್ಲ ಪಟಾಲಮುಗಳಲ್ಲಿಯೂ ತಮ್ಮಟೆಯವರ ಪಾಡು ಹಗುರವಾದುದಲ್ಲ. ಎಷ್ಟೋ ಮಂದಿ ಸಿಪಾಯಿಗಳ ಮಕ್ಕಳು, ಬಾಲಕರು. ತಪ್ಪಿತಸ್ಥನಿಗೆ ಚಾವಟಿಯ ಏಟು ಹೊಡೆಯುವ ಕೆಲಸವೂ ತಮ್ಮಟೆಯವನ ಪಾಲಿನದೇ. ಅಲ್ಲಿನ ಸೈನ್ಯದಲ್ಲಿ ಆ ಶಿಕ್ಷೆ 1881ರಲ್ಲಿ ನಿಂತಿತು. ಕಾಳಗ ನಡೆವಾಗ ಬ್ಯಾಂಡಿನವರು ವಾದ್ಯಗಳನ್ನು ಕೆಳಗಿಟ್ಟು ಗಾಯಗೊಂಡವರನ್ನು ಹೊತ್ತು ತರುತ್ತಿದ್ದರು.

ತಮ್ಮಟೆಯವರು ಬೇರೆ, ಬ್ಯಾಂಡು ಬೇರೆ. ಬ್ಯಾಂಡು ಬಹುಕಾಲ ಅಧಿಕಾರಿಗಳ ಸ್ವಂತ ಹಣದಿಂದ ನಡೆದ ವಿಲಾಸ; ಮೇಷ್ಟರು ಹಲವೆಡೆ ಸಂಬಳಕ್ಕೆ ಬಂದ ಜರ್ಮನರು. ಪ್ರತಿ ಪಟಾಲಮಿಗೂ ಅದರದೇ ಪಾಠಾಂತರ. 1854ರಲ್ಲಿ ತುರ್ಕಿಯ ಸ್ಕುಟಾರಿಯಲ್ಲಿ ರಾಣಿಯ ಹುಟ್ಟುಹಬ್ಬದ ಕವಾಯತಿಗೆ ಸೇರಿದ ಬ್ಯಾಂಡುಗಳು ರಾಜಗೀತವನ್ನು ತಮತಮಗೆ ತೋಚಿದ ಶ್ರುತಿಯಲ್ಲಿ ಒಟ್ಟಿಗೇ ನುಡಿಸಿ ಕಿವಿಗೆಡಿಸಿದುವೆಂಬುದು ಪ್ರಸಿದ್ಧವಾದ ಕಥೆ. 1857ರಲ್ಲಿ ಲಂಡನ್ನಿನ ಬಳಿ ನೆಲ್ಲರ್ ಹಾಲಿನಲ್ಲಿ ಸೈನಿಕ ಸಂಗೀತದ ಶಾಲೆ ಸ್ಥಾಪಿತವಾಯಿತು; 2021ರಲ್ಲಿ ಅಲ್ಲಿಂದ ತೆರವಾಯಿತು.

ನಮ್ಮವರ ಕಿವಿ ಈ ನಾದವನ್ನು ಹೇಗೆ ಸ್ವೀಕರಿಸಿತು ಎಂಬುದು ಇನ್ನೂ ಸ್ವಾರಸ್ಯವಾದ ಪ್ರಶ್ನೆ. ಬಿಗಿಲಿಗೆ ಬೆರಳಿಡುವ ರಂಧ್ರಗಳಿಲ್ಲ. ತುಟಿಯ ಬಿಗಿಯನ್ನು ಬದಲಿಸಿದರೆ ಹೊರಡುವುದು ಷಡ್ಜ, ಪಂಚಮ, ತಾರಷಡ್ಜ, ಅದರ ಮೇಲಿನ ಗಾಂಧಾರ, ಪಂಚಮ—ಇಷ್ಟೇ. ಇವೆಲ್ಲವೂ ನಮ್ಮ ಶಂಕರಾಭರಣದೊಳಗೆ ಬರುತ್ತವೆ. ಮದರಾಸಿನ ಬಳಿ ಮಣಲಿಯಲ್ಲಿದ್ದಾಗ ಕಂಪೆನಿಯ ಬ್ಯಾಂಡನ್ನು ಕೇಳಿದ ಮುತ್ತುಸ್ವಾಮಿ ದೀಕ್ಷಿತರು ಅದರ ಧಾಟಿಗಳಿಗೆ ಸಂಸ್ಕೃತದಲ್ಲಿ ಸಾಹಿತ್ಯ ರಚಿಸಿದರು. ಅವೇ ನೊಟ್ಟುಸ್ವರಗಳು, ಆಂಗ್ಲರ ರಾಜಗೀತದ ಧಾಟಿಯೂ ಅಲ್ಲಿ ದೇವಿಯ ಸ್ತುತಿಯಾಯಿತು. ತಮ್ಮ ಬಾಲುಸ್ವಾಮಿ ದೀಕ್ಷಿತರು ಪಿಟೀಲನ್ನೇ ಕಲಿತರು. ವೆಲ್ಲೆಸ್ಲಿ ಸುಟ್ಟುಹಾಕಿದ ವಾದ್ಯವು ಸರಿಸುಮಾರು ಅದೇ ಕಾಲದಲ್ಲಿ ನಮ್ಮ ಕಚೇರಿಯನ್ನು ಹೊಕ್ಕಿತು.

ಪ್ರತಿಯಾಗಿ ಅವರಲ್ಲಿ ನಮ್ಮ ಸಂಗೀತಕ್ಕೆ ಕಿವಿಗೊಟ್ಟವರು ವಿರಳ. ಕ್ಯಾಪ್ಟನ್ ಚಾರ್ಲ್ಸ್ ರಸೆಲ್ ಡೇ ಎಂಬ ಸೈನ್ಯಾಧಿಕಾರಿಯನ್ನು ಮಾತ್ರ ಮರೆಯಲಾಗದು. ದಕ್ಷಿಣ ಭಾರತ ಮತ್ತು ದಖನ್ ಪ್ರಾಂತ್ಯಗಳ ಸಂಗೀತವನ್ನೂ ವಾದ್ಯಗಳನ್ನೂ ಕುರಿತು ಅವನು ಬರೆದ ಗ್ರಂಥ 1891ರಲ್ಲಿ ಹೊರಬಂದಿತು. ನಮ್ಮ ವೀಣೆಯನ್ನೂ ರಾಗಗಳನ್ನೂ ಗೌರವದಿಂದ ವಿವರಿಸಿದ ಆತ 1900ರಲ್ಲಿ ದಕ್ಷಿಣ ಆಫ್ರಿಕದ ಪಾರ್ಡೆಬರ್ಗ್ ಕಾಳಗದಲ್ಲಿ ಮಡಿದನು.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ರಾಣೆಬೆನ್ನೂರು, ಬ್ಯಾಡಗಿ, ಹಾವೇರಿಗಳಿಗೆ ರೈಲು ಬಂದ ಮೇಲೆ ದಂಡು ಕಾಲ್ನಡಿಗೆಯಲ್ಲಿ ಹೋಗಬೇಕಾದ ಅಗತ್ಯ ತಪ್ಪಿತು. ವಾದ್ಯಗಳು ಮಾತ್ರ ಉಳಿದುವು. ಅತ್ತ ಮೈಸೂರಿನ ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡೂ ಕರ್ನಾಟಕ ಬ್ಯಾಂಡೂ ಜೊತೆಜೊತೆಯಾಗಿ ಬೆಳೆದರೆ, ಇತ್ತ ಸಣ್ಣ ಊರುಗಳಲ್ಲಿ ಮದುವೆಯ ದಿಬ್ಬಣಕ್ಕೆ ಬ್ಯಾಂಡಿನವರು ಬಂದರು. ಕವಾಯತಿನ ತಮ್ಮಟೆ, ತುತ್ತೂರಿ, ಕ್ಲಾರಿಯೊನೆಟ್ಟು ಹಿಡಿದು, ಸಿಪಾಯಿಯ ಅಂಗಿಯನ್ನು ಹೋಲುವ ಕೆಂಪು ಅಂಗಿ ತೊಟ್ಟು, ಸನಾದಿ ಡೊಳ್ಳುಗಳ ಪಕ್ಕದಲ್ಲಿಯೇ ಅವರು ನಡೆದರು. ಕ್ಲಾರಿಯೊನೆಟ್ಟಿನ ಕೀಲಿಗಳ ಮೇಲೆ ಗಮಕವನ್ನು ತರುವುದು ಸುಲಭವಲ್ಲ; ತುಟಿಯನ್ನು ಸಡಿಲಿಸಿ, ರಂಧ್ರವನ್ನು ಅರ್ಧ ಮುಚ್ಚಿ ಅದನ್ನು ಸಾಧಿಸಬೇಕು.