ಕಟಕಟೆ ಇಲ್ಲದ ಕೋಣೆ

ಮಗಳು ಗಂಡನ ಮನೆಯಿಂದ ಬಂದು ಎರಡು ತಿಂಗಳಾದರೂ ವಾಪಸು ಹೋಗಲಿಲ್ಲ ಅಂದರೆ ನಮ್ಮ ದಾವಣಗೆರೆಯ ವಿದ್ಯಾನಗರದ ಮನೆಗಳಲ್ಲಿ ಹಿರಿಯರು ಸೇರುತ್ತಾರೆ. ಸೋದರಮಾವ, ಸಂಬಂಧ ಕುದುರಿಸಿದವರು, ಓಣಿಯ ನಿವೃತ್ತ ಮೇಷ್ಟ್ರು. ಮಂಡಕ್ಕಿ ಮಿರ್ಚಿ ಖಾಲಿಯಾಗುವ ಹೊತ್ತಿಗೆ ತೀರ್ಪೂ ಸಿದ್ಧ: "ಹೊಂದ್ಕಂಡು ಹೋಗವ್ವ." ಅಲ್ಲಿ ಬಗೆಹರಿಯದ್ದನ್ನು ಕೆಲವರು ಸಿರಿಗೆರೆಗೆ ಒಯ್ಯುತ್ತಾರೆ, ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠದಲ್ಲಿ ಸೋಮವಾರ ಸೋಮವಾರ ಇಂಥ ಅಹವಾಲು ಕೇಳುವ ರೂಢಿಯಿದೆ. ಕೋರ್ಟು ಕೊನೆಯದು. ಅದರ ಹೆಸರೆತ್ತಿದರೇ ಮಾನ ಹೋದಂತೆ ಎನ್ನುವವರಿಗೆ ಕೌಟುಂಬಿಕ ನ್ಯಾಯಾಲಯದ ಒಳಗಿನ ರೀತಿ ಗೊತ್ತಿರುವುದಿಲ್ಲ.

1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆ ನ್ಯಾಯಾಧೀಶರಿಗೆ ಹೊರಿಸಿದ ಮೊದಲ ಕೆಲಸ ತೀರ್ಪು ಕೊಡುವುದಲ್ಲ, ರಾಜಿಗೆ ದಾರಿಯಿದೆಯೇ ನೋಡುವುದು. ಒಂಬತ್ತನೇ ಕಲಮು ಇದನ್ನೇ ಹೇಳುತ್ತದೆ. ದಾರಿ ಕಂಡರೆ ವಿಚಾರಣೆಯನ್ನು ಮುಂದಕ್ಕೆ ಹಾಕಬಹುದು. ಗಂಡ ಹೆಂಡತಿಯಲ್ಲಿ ಒಬ್ಬರು ಕೇಳಿದರೂ ಸಾಕು, ಹೊರಗಿನವರನ್ನು ಕಳಿಸಿ ಬಾಗಿಲು ಮುಚ್ಚಿ ವಿಚಾರಣೆ ನಡೆಸಬೇಕು. ವಕೀಲರಿಗೂ ಇಲ್ಲಿ ಹಕ್ಕಿನಿಂದ ವಾದಿಸುವ ಅವಕಾಶವಿಲ್ಲ, ಅನುಮತಿ ಬೇಕು.

ಇದರ ಜೊತೆಗೇ ಇರುವುದು ಮಧ್ಯಸ್ಥಿಕೆ. ಕರ್ನಾಟಕ ಇದಕ್ಕೆ 2005ರಲ್ಲಿ ನಿಯಮ ಮಾಡಿತು. 2007ರಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಶುರುವಾಯಿತು, ಆಮೇಲೆ ಜಿಲ್ಲೆಗಳಿಗೂ ಬಂತು. ಕಪ್ಪು ಕೋಟಿನ ಗತ್ತು, ಕಟಕಟೆ, ಕೂಗುವ ಜವಾನ ಇಲ್ಲಿಲ್ಲ. ಒಂದು ಮೇಜು, ನಾಲ್ಕಾರು ಕುರ್ಚಿ. ತರಬೇತಿ ಪಡೆದ ಮಧ್ಯಸ್ಥಗಾರರು ಮೊದಲು ಇಬ್ಬರನ್ನೂ ಕೂರಿಸಿ ಕೇಳುತ್ತಾರೆ, ಆಮೇಲೆ ಒಬ್ಬೊಬ್ಬರನ್ನೇ. ಅತ್ತೆಯ ಎದುರು ಬಾಯಿ ಬಿಡದವಳು ಮಾತಾಡುವುದು ಆಗಲೇ. ಅಲ್ಲಿ ಆಡಿದ್ದನ್ನು ಮುಂದೆ ಸಾಕ್ಷಿಯಾಗಿ ಎಳೆಯುವಂತಿಲ್ಲ. ಓಣಿಯ ಪಂಚಾಯ್ತಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು: ಮೇಷ್ಟ್ರ ಮನೆಯ ಮಾತು ಸಂಜೆಗೆ ಬಸ್ ಸ್ಟಾಪಿನಲ್ಲಿರುತ್ತದೆ.

ಜಗಳ "ಡೈವೋರ್ಸ್" ಎಂಬ ಒಂದೇ ಪದದಲ್ಲಿ ಬಂದರೂ ಮೇಜಿನ ಮೇಲೆ ಬಿಡಿಬಿಡಿಯಾಗುತ್ತದೆ. ಒಡವೆ ಯಾರ ಹತ್ತಿರ, ಜೀವನಾಂಶ ಎಷ್ಟು, ಶಾಲೆಯ ಫೀಸು ಯಾರದು. ಅಪ್ಪ ಹರಿಹರದಲ್ಲಿ, ಅಮ್ಮ ದಾವಣಗೆರೆಯಲ್ಲಿ ಇದ್ದರೆ ಮಗುವನ್ನು ಭಾನುವಾರ ಕರೆದೊಯ್ಯುವುದು ಯಾರು, ಎಷ್ಟು ಗಂಟೆಗೆ ವಾಪಸು, ಜ್ವರ ಬಂದರೆ ಏನು, ದೀಪಾವಳಿಗೆ ಎಲ್ಲಿ. ನಡುವೆ ಇರುವುದು ಹದಿನೈದು ಕಿಲೋಮೀಟರೂ ಅಲ್ಲ, ಆದರೆ ಇದನ್ನು ಬರೆದುಕೊಳ್ಳದೆ ಎದ್ದವರು ಮತ್ತೆ ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ. ಬರೆದು ಇಬ್ಬರೂ ಸಹಿ ಹಾಕಿದ ಒಪ್ಪಂದವನ್ನು ಕೋರ್ಟು ಒಪ್ಪಿದರೆ ಅದೇ ಡಿಕ್ರಿ. ಒಪ್ಪಿಗೆಯ ಡಿಕ್ರಿಯ ಮೇಲೆ ಮೇಲ್ಮನವಿಯಿಲ್ಲ, ಹಾಗಾಗಿ ಸಹಿಗೆ ಮುಂಚೆ ಎರಡು ಸಲ ಓದಬೇಕು.

ರಾಜಿಗೆಂದೇ ಕೂರುವ ಲೋಕ ಅದಾಲತ್ ನಡೆದ ಮರುದಿನ ಪತ್ರಿಕೆಯಲ್ಲಿ ಹಾರ ಬದಲಿಸಿಕೊಂಡು ಒಂದಾದ ಜೋಡಿಗಳ ಫೋಟೊ ಬರುತ್ತದೆ. ಸಂತೋಷವೇ. ಆದರೆ ಕಿರುಚಾಡದೆ, ಕೊಡಬೇಕಾದ್ದು ಕೊಟ್ಟು ಬೇರೆಯಾದವರ ಫೋಟೊ ನಾನು ನೋಡಿಲ್ಲ. ನನ್ನ ಲೆಕ್ಕದಲ್ಲಿ ಅದೂ ಈ ಕೋಣೆಯ ಗೆಲುವೇ. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಹಿಂದೂ ವಿವಾಹ ಕಾಯ್ದೆ ಹೇಳುವ ಆರು ತಿಂಗಳ ಕಾಯುವಿಕೆಯನ್ನೂ ಸಂದರ್ಭ ನೋಡಿ ಬಿಡಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಹೊಡೆತ ತಿಂದು ಬಂದವಳ ವಿಷಯ ಬೇರೆ. ಅವಳನ್ನು ಹೊಡೆದವನ ಎದುರು ಕೂರಿಸಿ "ಮಾತಾಡಿ" ಎನ್ನುವುದು ರಾಜಿಯಲ್ಲ, ಹಳೆಯ "ಹೊಂದ್ಕಂಡು ಹೋಗವ್ವ" ಮಾತೇ ಬೇರೆ ಕುರ್ಚಿಯಲ್ಲಿ ಕೂತಂತೆ.

ಕೇಸು ಹಾಕಬೇಕೋ ಬೇಡವೋ ತಿಳಿಯದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಬಹುದು. 1987ರ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ ಅಲ್ಲಿ ವಕೀಲರ ನೆರವು ಉಚಿತ, ಆದಾಯದ ಮಿತಿಯೂ ಇಲ್ಲ. ಬಳೆ ಅಡವಿಟ್ಟು ಫೀಸು ಕಟ್ಟಿದ ಮೇಲೆ ಈ ಸಂಗತಿ ತಿಳಿದವರು ನಮ್ಮ ಓಣಿಯಲ್ಲೇ ಒಬ್ಬರಿದ್ದಾರೆ.