ಟೇಪ್ ಓಡುತ್ತಲೇ ಇರಬೇಕು

2011ರ ಫೆಬ್ರವರಿ 27ರಂದು ಜಿಮೇಲ್ ತೆರೆದ ಕೆಲವರಿಗೆ ಇನ್‌ಬಾಕ್ಸ್ ಬರಿದಾಗಿ ಕಂಡಿತು. ಗೂಗಲ್ ಒಂದೊಂದು ಮೇಲ್‌ನ ಹಲವು ಪ್ರತಿಗಳನ್ನು ಬೇರೆ ಬೇರೆ ಡೇಟಾ ಸೆಂಟರ್‌ಗಳಲ್ಲಿ ಇಟ್ಟಿರುತ್ತದೆ. ಆದರೆ ಆ ದಿನ ಕೆಟ್ಟದ್ದು ಡಿಸ್ಕ್ ಅಲ್ಲ, ಸಾಫ್ಟ್‌ವೇರ್. ಅದರ ದೋಷ ಹಲವು ಪ್ರತಿಗಳಿಗೆ ಒಟ್ಟಿಗೇ ತಟ್ಟಿತು. ಬಳಕೆದಾರರಲ್ಲಿ ಶೇಕಡಾ 0.02 ಮಂದಿಗೆ ಆದ ಈ ನಷ್ಟವನ್ನು ತುಂಬಿಕೊಟ್ಟದ್ದು, ಜಾಲದಿಂದ ದೂರ ಇಟ್ಟಿದ್ದ ಮ್ಯಾಗ್ನೆಟಿಕ್ ಟೇಪು.

ಟೇಪಿನ ಕಾಲ ಮುಗಿಯಿತು ಎಂದುಕೊಂಡವರು ಈಗಿನ ಎಲ್‌ಟಿಒ ಮಾದರಿಯ ಟೇಪ್ ಕಾರ್ಟ್ರಿಡ್ಜ್ ಒಂದನ್ನು ಕೈಯಲ್ಲಿ ಹಿಡಿದು ನೋಡಬೇಕು. 2021ರಲ್ಲಿ ಬಂದ ಒಂಬತ್ತನೇ ಪೀಳಿಗೆಯದಾದರೆ ಅದರೊಳಗೆ ಅರ್ಧ ಅಂಗುಲ ಅಗಲದ, 1,035 ಮೀಟರ್ ಉದ್ದದ ಪಟ್ಟಿ ಸುತ್ತಿಕೊಂಡಿರುತ್ತದೆ. ಹಿಡಿಯುವುದು 18 ಟೆರಾಬೈಟ್. ಅದರ ಅಗಲದಲ್ಲಿ 8,960 ಜಾಡುಗಳಿವೆ. ಹೆಡ್ ಒಮ್ಮೆಗೆ 32 ಜಾಡುಗಳಲ್ಲಿ ಬರೆಯುತ್ತದೆ. ಟೇಪು ಈ ತುದಿಯಿಂದ ಆ ತುದಿಗೆ ಹೋಗಿ, ಹೆಡ್ ಒಂದಿಷ್ಟು ಸರಿದು, ಮತ್ತೆ ಆ ತುದಿಯಿಂದ ಈ ತುದಿಗೆ ಬರುತ್ತದೆ. ಪೂರ್ತಿ ತುಂಬಲು ಹೀಗೆ 280 ಓಟ. ದೊಡ್ಡ ಡ್ರೈವ್‌ನ ವೇಗ ಸೆಕೆಂಡಿಗೆ 400 ಮೆಗಾಬೈಟ್. ಲೆಕ್ಕ ಹಾಕಿದರೆ ಟೇಪು ಹೆಡ್‌ನ ಮುಂದೆ ಸೆಕೆಂಡಿಗೆ ಸುಮಾರು ಆರು ಮೀಟರ್ ಓಡುತ್ತಿರುತ್ತದೆ.

ಇಷ್ಟು ವೇಗದ ಯಂತ್ರ ಇದ್ದೂ ಎಷ್ಟೋ ಕಡೆ ರಾತ್ರಿ ಶುರುವಾದ ಬ್ಯಾಕಪ್ ಬೆಳಿಗ್ಗೆ ಕಚೇರಿ ತೆರೆದರೂ ಮುಗಿದಿರುವುದಿಲ್ಲ. ಡೇಟಾ ಹೆಚ್ಚೇನೂ ಇಲ್ಲ. ಇರುವುದು ಲಕ್ಷಾಂತರ ಸಣ್ಣ ಫೈಲ್‌ಗಳ ರೂಪದಲ್ಲಿ. ಆಗ ಬೈಸಿಕೊಳ್ಳುವುದು ಟೇಪು. ಹೊಸ ಪೀಳಿಗೆಯ ಡ್ರೈವ್ ಕೊಳ್ಳೋಣ ಎಂಬ ಪ್ರಸ್ತಾವವೂ ಬರುತ್ತದೆ. ಕೊಂಡರೆ ಸಮಸ್ಯೆ ಹಾಗೇ ಉಳಿಯುತ್ತದೆ, ಕೆಲವೊಮ್ಮೆ ಬಿಗಡಾಯಿಸುತ್ತದೆ. ಏಕೆಂದರೆ ತೊಂದರೆ ಇರುವುದು ಟೇಪಿನ ಹಿಂದೆ ಕುಳಿತ ಡಿಸ್ಕಿನಲ್ಲಿ.

ಮೇಲ್ ಸರ್ವರನ್ನೇ ತೆಗೆದುಕೊಳ್ಳಿ. ಮೇಲ್‌ಡಿರ್ ಎಂಬ ವಿಧಾನದಲ್ಲಿ ಒಂದು ಪತ್ರಕ್ಕೆ ಒಂದು ಫೈಲ್. ಸರಾಸರಿ ಎಂಟು ಕಿಲೋಬೈಟ್‌ನ ಹತ್ತು ಲಕ್ಷ ಪತ್ರಗಳಿವೆ ಎಂದಿಟ್ಟುಕೊಳ್ಳೋಣ. ಒಟ್ಟು ಎಂಟು ಗಿಗಾಬೈಟ್. ಟೇಪ್ ಡ್ರೈವ್‌ಗೆ ಇದು ಇಪ್ಪತ್ತು ಸೆಕೆಂಡಿನ ಕೆಲಸ. ಡಿಸ್ಕಿನ ಕಡೆಯ ಲೆಕ್ಕ ಬೇರೆ. ನಿಮಿಷಕ್ಕೆ 7,200 ಸುತ್ತು ತಿರುಗುವ ಹಾರ್ಡ್ ಡಿಸ್ಕ್‌ನಲ್ಲಿ ಹೆಡ್ ಬೇಕಾದ ಜಾಡಿಗೆ ಸರಿಯಲು ಸುಮಾರು ಎಂಟು ಮಿಲಿಸೆಕೆಂಡ್, ಬೇಕಾದ ಭಾಗ ತಿರುಗಿ ಹೆಡ್‌ನ ಕೆಳಗೆ ಬರಲು ಸರಾಸರಿ ನಾಲ್ಕು ಮಿಲಿಸೆಕೆಂಡ್ ಹಿಡಿಯುತ್ತದೆ. ಪ್ರತಿ ಫೈಲ್‌ಗೂ ಮೊದಲು ಅದರ ವಿವರ ಇರುವ ಇನೋಡ್ ಓದಬೇಕು, ಆಮೇಲೆ ಒಳಗಿನ ಡೇಟಾ. ಎರಡೂ ಬೇರೆ ಬೇರೆ ಕಡೆ ಇದ್ದರೆ ಫೈಲ್ ಒಂದಕ್ಕೆ ಸುಮಾರು 25 ಮಿಲಿಸೆಕೆಂಡ್. ಹತ್ತು ಲಕ್ಷ ಫೈಲ್‌ಗಳಿಗೆ ಏಳು ಗಂಟೆ! ಇದು ಎಲ್ಲವೂ ಚದುರಿರುವಾಗಿನ ಲೆಕ್ಕ ನಿಜ, ಮೆಮೊರಿಯ ನೆರವಿನಿಂದ ಸ್ವಲ್ಪ ಇಳಿಯುತ್ತದೆ. ಆದರೂ ಇಪ್ಪತ್ತು ಸೆಕೆಂಡಿಗೂ ಏಳು ಗಂಟೆಗೂ ನಡುವಿನ ಕಂದಕ ಅಷ್ಟರಿಂದ ತುಂಬುವಂಥದ್ದಲ್ಲ.

ಡಿಸ್ಕ್ ನಿಧಾನವಾದರೆ ಟೇಪು ಸುಮ್ಮನೆ ಕಾಯಬಹುದಲ್ಲ? ಕಾಯಲಾರದು. ಓಟದಲ್ಲಿರುವ ಟೇಪನ್ನು ಥಟ್ಟನೆ ನಿಲ್ಲಿಸಲು ಬರುವುದಿಲ್ಲ. ಡ್ರೈವ್‌ನ ಬಫರ್ ಬರಿದಾದಾಗ ಬರವಣಿಗೆ ನಿಂತರೂ ಟೇಪು ಮುಂದೆ ಜಾರಿಹೋಗುತ್ತದೆ. ಅದನ್ನು ನಿಲ್ಲಿಸಿ, ಹಿಂದಕ್ಕೆ ಸುತ್ತಿ, ಮತ್ತೆ ಮುಂದಕ್ಕೆ ಓಡಿಸಿ, ಬಿಟ್ಟ ಜಾಗಕ್ಕೆ ಬರುವಷ್ಟರಲ್ಲಿ ಪೂರ್ಣ ವೇಗ ಹಿಡಿಸಬೇಕು. ಒಂದೊಂದು ಸಲಕ್ಕೂ ಕೆಲವು ಸೆಕೆಂಡು ವ್ಯರ್ಥ. ಬೂಟು ಪಾಲಿಶ್ ಮಾಡುವವರು ಬಟ್ಟೆಯನ್ನು ಅತ್ತಿತ್ತ ಎಳೆಯುವ ಹಾಗೆ ಕಾಣುವುದರಿಂದ ಎಂಜಿನಿಯರ್‌ಗಳು ಇದನ್ನು ಶೂ-ಶೈನಿಂಗ್ ಎನ್ನುತ್ತಾರೆ. ರಾತ್ರಿಯಿಡೀ ನೂರಾರು ಸಲ ಹೀಗಾದರೆ ಟೇಪೂ ಹೆಡ್ಡೂ ಸವೆಯುತ್ತವೆ.

ಮೊದಲಿನ ಟೇಪ್ ಯಂತ್ರಗಳಿಗೆ ಈ ಕಾಯಿಲೆ ಇರಲಿಲ್ಲ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. 1952ರಲ್ಲಿ ಐಬಿಎಂ ಹೊರತಂದ 726 ಯಂತ್ರದಲ್ಲಿ, ರೀಲಿಗೂ ಹೆಡ್‌ಗೂ ನಡುವೆ ಟೇಪು ಉದ್ದನೆಯ ಕೊಳವೆಯೊಳಗೆ ಬಳುಕಿ ಇಳಿದಿರುತ್ತಿತ್ತು. ಕೆಳಗಿನಿಂದ ಗಾಳಿಯನ್ನು ಹೀರಿ ಅದನ್ನು ಬಿಗಿಯಾಗಿ ಹಿಡಿದಿರುತ್ತಿದ್ದರು. ಭಾರವಾದ ರೀಲು ತನ್ನ ಪಾಡಿಗೆ ತಿರುಗುತ್ತಿದ್ದರೆ, ಹೆಡ್‌ನ ಬಳಿಯ ಹಗುರ ಟೇಪು ಮಾತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ನಿಂತು ಹೊರಡಬಲ್ಲುದಾಗಿತ್ತು. ಎಂಥ ಸೊಗಸಾದ ಉಪಾಯ! ಆಮೇಲೆ ಡ್ರೈವ್ ಚಿಕ್ಕದಾಗಬೇಕು, ಅಗ್ಗವಾಗಬೇಕು, ಟೇಪಿನಲ್ಲಿ ಖಾಲಿ ಜಾಗ ಬಿಡಬಾರದು ಎಂದಾದಾಗ ಆ ಕೊಳವೆಗಳು ಹೋದವು. ಸತತವಾಗಿ ಓಡುವುದನ್ನೇ ನೆಚ್ಚಿದ ಸ್ಟ್ರೀಮಿಂಗ್ ಡ್ರೈವ್‌ಗಳು ಬಂದವು. ನಾವು ಈಗ ಬಳಸುತ್ತಿರುವುದು ಅವುಗಳ ಸಂತತಿಯನ್ನು.

ಎಲ್‌ಟಿಒ ಡ್ರೈವ್‌ಗಳು ಡೇಟಾ ಬರುವ ವೇಗ ನೋಡಿ ತಮ್ಮ ಓಟವನ್ನು ಹಲವು ಹಂತಗಳಲ್ಲಿ ತಗ್ಗಿಸಿಕೊಳ್ಳುತ್ತವೆ. ಆದರೆ ತಗ್ಗುವುದಕ್ಕೂ ಒಂದು ತಳವಿದೆ, ಪೀಳಿಗೆಯಿಂದ ಪೀಳಿಗೆಗೆ ಆ ತಳ ಮೇಲೇರುತ್ತಲೂ ಇದೆ. 2000ದಲ್ಲಿ ಬಂದ ಮೊದಲ ಎಲ್‌ಟಿಒದ ಗರಿಷ್ಠ ವೇಗವೇ ಸೆಕೆಂಡಿಗೆ 20 ಮೆಗಾಬೈಟ್ ಇತ್ತು. ಅದನ್ನು ಹೇಗೋ ತುಂಬಿಸುತ್ತಿದ್ದ ಸರ್ವರ್, ಇಂದಿನ ಡ್ರೈವ್‌ನ ಕನಿಷ್ಠ ವೇಗಕ್ಕೂ ಸಾಲದು. ಜೊತೆಗೆ ಡ್ರೈವ್ ತಾನೇ ಡೇಟಾವನ್ನು ಕುಗ್ಗಿಸಿ ಬರೆಯುತ್ತದೆ. ಪಠ್ಯ ಅರ್ಧಕ್ಕೆ ಕುಗ್ಗಿತೆಂದರೆ 400ರ ವೇಗ ಉಳಿಸಲು ನಾವು 800 ಒದಗಿಸಬೇಕು.

ಹಾಗಾದರೆ ಮಾಡುವುದೇನು? ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ದಾರಿ ಮೂವತ್ತು ವರ್ಷಕ್ಕೂ ಹಳೆಯದು. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದ ಆರಂಭದಲ್ಲಿ ರೂಪುಗೊಂಡ ಅಮಾಂಡಾ ಎಂಬ ಬ್ಯಾಕಪ್ ವ್ಯವಸ್ಥೆ, ಹಲವು ಕಂಪ್ಯೂಟರ್‌ಗಳ ಡೇಟಾವನ್ನು ಏಕಕಾಲಕ್ಕೆ ನಡುವಣ ಒಂದು ಡಿಸ್ಕಿಗೆ ಇಳಿಸಿಕೊಳ್ಳುತ್ತಿತ್ತು. ಅಲ್ಲಿ ಒಂದೊಂದು ಬ್ಯಾಕಪ್ಪೂ ದೊಡ್ಡ ಇಡೀ ಫೈಲಾಗಿ ಸಿದ್ಧವಾದ ಮೇಲೆ ಟೇಪಿಗೆ ಒಂದೇ ಓಟದಲ್ಲಿ ಹೋಗುತ್ತಿತ್ತು. ಸಣ್ಣ ಫೈಲ್‌ಗಳ ಹುಡುಕಾಟ ಎಷ್ಟು ಹೊತ್ತಾದರೂ ನಡೆಯಲಿ, ಟೇಪಿಗೆ ಅದರ ಬಿಸಿ ತಾಕುವುದಿಲ್ಲ. ಬ್ಯಾಕ್ಯುಲಾದಂಥ ತಂತ್ರಾಂಶಗಳಲ್ಲಿ ಇದಕ್ಕೆ ಸ್ಪೂಲಿಂಗ್ ಎಂದು ಹೆಸರು. ಒಂದು ಎಚ್ಚರ: ನಡುವಣ ಡಿಸ್ಕ್ ತಿರುಗುವ ಡಿಸ್ಕೇ ಆಗಿದ್ದು, ಒಂದು ಕಡೆ ಬರೆಸಿಕೊಳ್ಳುತ್ತ ಇನ್ನೊಂದು ಕಡೆ ಓದಿಸಿಕೊಳ್ಳುತ್ತಿದ್ದರೆ ಹೆಡ್‌ನ ಪರದಾಟ ಅಲ್ಲೂ ಶುರುವಾಗುತ್ತದೆ. ವೇಗದ ಎಸ್‌ಎಸ್‌ಡಿ ಇದ್ದರೆ ನಿಶ್ಚಿಂತೆ.

ಹಲವು ಸರ್ವರ್‌ಗಳ ಡೇಟಾವನ್ನು ತುಣುಕು ತುಣುಕಾಗಿ ಬೆರೆಸಿ ಒಂದೇ ಟೇಪಿಗೆ ಹರಿಸುವ ಮಲ್ಟಿಪ್ಲೆಕ್ಸಿಂಗ್ ಇನ್ನೊಂದು ದಾರಿ. ಬರೆಯುವಾಗ ಚೆನ್ನ. ಮರಳಿ ಪಡೆಯುವಾಗ ಒಂದು ಸರ್ವರ್‌ನ ಡೇಟಾ ಬೇಕೆಂದರೆ ಉಳಿದವುಗಳದನ್ನೂ ದಾಟುತ್ತ ಹೋಗಬೇಕು. ಸರ್ವರ್ ಮುರಿದುಬಿದ್ದು ಜನ ಕಾಯುತ್ತಿರುವ ಹೊತ್ತಿನಲ್ಲಿ ಆ ವಿಳಂಬ ದುಬಾರಿ. ನಾನು ಇದನ್ನು ಆರಿಸುವುದಿಲ್ಲ.

ಡಿಸ್ಕಿನಿಂದ ಓದುವ ಕಡೆಯಲ್ಲೂ ಗೆಲ್ಲಲು ಬಹಳವಿದೆ. ಲಿನಕ್ಸ್‌ನ ಇಎಕ್ಸ್‌ಟಿ4 ಫೈಲ್ ವ್ಯವಸ್ಥೆಯಲ್ಲಿ ಡೈರೆಕ್ಟರಿ ಕೊಡುವ ಹೆಸರುಗಳ ಕ್ರಮಕ್ಕೂ ಡಿಸ್ಕಿನ ಮೇಲಿನ ಕ್ರಮಕ್ಕೂ ಸಂಬಂಧವೇ ಇಲ್ಲ. ಇನೋಡ್ ಸಂಖ್ಯೆಯ ಪ್ರಕಾರ ಜೋಡಿಸಿ ಓದಿದರೆ ಹೆಡ್‌ನ ಅಲೆದಾಟ ಎಷ್ಟೋ ತಗ್ಗುತ್ತದೆ. ಫೈಲ್‌ಗಳನ್ನು ಒಂದೇ ಕಟ್ಟಾಗಿ ಕಟ್ಟುವ ಗ್ನೂ ಟಾರ್‌ನಲ್ಲಿ ಅದಕ್ಕೊಂದು ಆಯ್ಕೆಯೇ ಇದೆ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಯಾವ ಫೈಲ್ ಬದಲಾಯಿತು ಎಂಬ ದಾಖಲೆಯನ್ನು ತಾನೇ ಬರೆದಿಟ್ಟುಕೊಳ್ಳಬಲ್ಲದು. ಬ್ಯಾಕಪ್ ತಂತ್ರಾಂಶ ಅದನ್ನು ಬಳಸಿಕೊಂಡರೆ ಬದಲಾಗದ ಲಕ್ಷಗಟ್ಟಲೆ ಫೈಲ್‌ಗಳನ್ನು ಮುಟ್ಟಿ ನೋಡುವ ಕೆಲಸ ತಪ್ಪುತ್ತದೆ. ಜಡ್‌ಎಫ್‌ಎಸ್‌ನಲ್ಲಿ ಎರಡು ಸ್ನ್ಯಾಪ್‌ಶಾಟ್‌ಗಳ ನಡುವಿನ ವ್ಯತ್ಯಾಸವನ್ನಷ್ಟೇ ಕಳಿಸಬಹುದು. ಇನ್ನೂ ಮುಂದೆ ಹೋಗಿ, ಫೈಲ್‌ಗಳ ಗೊಡವೆಯೇ ಬೇಡವೆಂದು ಡಿಸ್ಕನ್ನು ಬ್ಲಾಕ್‌ಗಳ ಸಾಲಾಗಿ ಮೊದಲಿನಿಂದ ಕೊನೆಯವರೆಗೆ ಓದಿದರೆ ಹಾರ್ಡ್ ಡಿಸ್ಕ್ ಕೂಡ ತನ್ನ ಪೂರ್ಣ ವೇಗ ತೋರಿಸುತ್ತದೆ.

ಇವುಗಳಲ್ಲಿ ಯಾವುದಕ್ಕೂ ಕೈಹಾಕುವ ಮೊದಲು ಡಿಸ್ಕ್ ಎಷ್ಟು ವೇಗವಾಗಿ ಓದಿಕೊಡುತ್ತಿದೆ ಎಂದು ಟೇಪಿಲ್ಲದೆ ಅಳೆಯಬೇಕು. ಟಾರ್‌ನ ಹೊರಹರಿವನ್ನು ಡೆವ್-ನಲ್ ಎಂಬ ಶೂನ್ಯಕ್ಕೆ ಸುರಿದು ಗಡಿಯಾರ ನೋಡುವುದು ರೂಢಿ. ಇಲ್ಲೊಂದು ಗುಂಡಿಯಿದೆ: ಗ್ನೂ ಟಾರ್‌ಗೆ ನೇರವಾಗಿ ಡೆವ್-ನಲ್ ಹೆಸರು ಕೊಟ್ಟರೆ ಅದು ಗುರುತಿಸಿ, ಫೈಲ್‌ಗಳ ಒಳಗನ್ನು ಓದದೆಯೇ ಮುಗಿಸಿಬಿಡುತ್ತದೆ. ಬರುವ ಅಂಕಿ ಅದ್ಭುತವಾಗಿರುತ್ತದೆ, ಸುಳ್ಳಾಗಿರುತ್ತದೆ. ನಡುವೆ ಕ್ಯಾಟ್ ಆದೇಶವನ್ನು ಪೈಪ್ ಮಾಡಿದರೆ ನಿಜವಾದ ಲೆಕ್ಕ ಸಿಗುತ್ತದೆ. ಮರಳಿ ಇಳಿಸುವುದನ್ನೂ ಹಾಗೆಯೇ ಒಮ್ಮೆ ಅಳೆಯುವುದು ಒಳ್ಳೆಯದು. ಟೇಪು ಎಷ್ಟೇ ವೇಗವಾಗಿ ಓದಿಕೊಟ್ಟರೂ ಆ ಹತ್ತು ಲಕ್ಷ ಪತ್ರಗಳಿಗೆ ಡಿಸ್ಕ್ ಒಂದೊಂದಾಗಿ ಹೊಸ ಇನೋಡ್ ತೆರೆದು, ಡೈರೆಕ್ಟರಿಯಲ್ಲಿ ಒಂದೊಂದಾಗಿ ಹೆಸರು ಬರೆದುಕೊಳ್ಳಬೇಕು.