ಕಲಾಶಾಲೆಯ ಪ್ರವೇಶಕ್ಕೆ ಚಿತ್ರಸಂಪುಟವನ್ನು ಸಿದ್ಧಪಡಿಸುವ ಕ್ರಮ



“ಅಮ್ಮನವರೇ, ನಮ್ಮ ಹುಡುಗಿಗೆ ಚಿತ್ರ ಬರೆಯುವುದರಲ್ಲಿ ಬಹಳ ಆಸಕ್ತಿ. ಅವಳನ್ನು ಕಲಾಶಾಲೆಗೆ ಸೇರಿಸಬೇಕಾದರೆ ನಾವೇನು ಮಾಡತಕ್ಕದ್ದು?” ಎಂದು ವರುಷ ವರುಷವೂ ನನ್ನನ್ನು ಕೇಳುವವರಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವುದಕ್ಕಿಂತ, ತಿಳಿದಷ್ಟನ್ನು ಈ ಸಂಚಿಕೆಯಲ್ಲಿ ಕ್ರಮವಾಗಿ ಬರೆದಿಡುವುದು ಮೇಲೆಂದು ತೋರಿತು.

ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರುಷಗಳ ಹಿಂದೆ ನಮ್ಮಲ್ಲಿ ಓದಿ ಹೋಗಿದ್ದ ಒಬ್ಬ ಹುಡುಗಿಯು ತನ್ನ ಚಿತ್ರಗಳನ್ನೆಲ್ಲಾ ತಂದು, ಆರಿಸಿಕೊಡಬೇಕೆಂದು ಬೇಡಿದಳು. ನಾನು ಅಂದವಾಗಿ ಕಂಡವುಗಳನ್ನೇ ಆರಿಸಿದೆನು: ಕ್ಯಾಲೆಂಡರನ್ನು ನೋಡಿ ಬರೆದ ನವಿಲು, ಪುಸ್ತಕದಿಂದ ತೆಗೆದ ಹಿಮದ ಬೆಟ್ಟ, ಒಬ್ಬ ನಟಿಯ ಮುಖ. ಅವಳ ನೋಟುಪುಸ್ತಕವೊಂದರಲ್ಲಿ ಅಜ್ಜಿಯು ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುವ ಹತ್ತಾರು ಸೀಸದಕಡ್ಡಿಯ ಚಿತ್ರಗಳಿದ್ದವು. “ಇವು ಅಪೂರ್ಣವಾಗಿವೆ” ಎಂದು ಅದನ್ನು ಬದಿಗಿಟ್ಟೆನು. ಸಂದರ್ಶನದಲ್ಲಿ ಅವಳನ್ನು, “ಇವುಗಳಲ್ಲಿ ನೀನು ಕಣ್ಣಾರೆ ನೋಡಿ ಬರೆದದ್ದು ಯಾವುದು?” ಎಂದು ಕೇಳಿದರಂತೆ. ಅಂಥದ್ದು ಆ ಕಟ್ಟಿನಲ್ಲಿ ಒಂದೂ ಇರಲಿಲ್ಲ. ಸ್ಥಳವು ದೊರೆಯದೆ ಹೋಯಿತು. ಅವಳ ತಂದೆಯವರು ಓದನ್ನೇ ನಿಲ್ಲಿಸಬೇಕೆಂದರು. ನಾನು ಅವರ ಮನೆಗೆ ಹೋಗಿ, ತಪ್ಪು ನನ್ನದೆಂದು ಹೇಳಿ, ಒಂದು ವರುಷದ ಅವಕಾಶವನ್ನು ಬೇಡಿಕೊಂಡೆನು. ಅಂದಿನಿಂದ ಈ ವಿಷಯವನ್ನು ಬಲ್ಲವರಿಂದ ಕೇಳಿ ತಿಳಿದುಕೊಳ್ಳತೊಡಗಿದೆನು.

ಚಿತ್ರಸಂಪುಟವೆಂಬುದು ಅಭ್ಯರ್ಥಿಯು ತನ್ನ ಕೈಯಿಂದ ಮಾಡಿದ ಕೆಲಸಗಳ ಆಯ್ದ ಕಟ್ಟು. ಅನೇಕ ಕಲಾಶಾಲೆಗಳಲ್ಲಿ ಪ್ರವೇಶಪರೀಕ್ಷೆಯ ಸಂಗಡ ಅಥವಾ ಸಂದರ್ಶನದ ಸಮಯದಲ್ಲಿ ಇದನ್ನು ನೋಡುತ್ತಾರೆ. ನೋಡುವವರು ಹುಡುಗಿಯಲ್ಲಿ ಪಕ್ವವಾದ ಕಲೆಯನ್ನು ಹುಡುಕುವುದಿಲ್ಲ. ಅದನ್ನು ಕಲಿಸುವುದಕ್ಕಾಗಿಯೇ ಅವರ ಶಾಲೆಯಿದೆ. ಅವಳ ಕಣ್ಣು ಗಮನಿಸುತ್ತದೆಯೇ, ಕೈ ಕಣ್ಣನ್ನು ಹಿಂಬಾಲಿಸುತ್ತದೆಯೇ, ಸ್ವಂತ ಯೋಚನೆ ಇದೆಯೇ ಎಂಬ ಮೂರನ್ನು ಅರಿಯಬಯಸುತ್ತಾರೆ. ನಕಲು ಚಿತ್ರವು ಇವುಗಳಿಗೆ ಸರಿಯಾದ ಉತ್ತರ ಕೊಡಲಾರದು. ಏಕೆಂದರೆ ಎಲ್ಲಿ ನೆರಳು, ಎಲ್ಲಿ ಬೆಳಕು, ಯಾವುದನ್ನು ಬಿಡಬೇಕು ಎಂಬುದನ್ನು ಮೂಲಚಿತ್ರಕಾರನು ಮೊದಲೇ ನಿರ್ಣಯಿಸಿರುತ್ತಾನೆ.

ಎಷ್ಟು ಚಿತ್ರಗಳು, ಯಾವ ಅಳತೆ ಎಂಬುದನ್ನು ಆಯಾ ಶಾಲೆಯ ಪ್ರಕಟಣೆಯನ್ನು ಓದಿ ಅದರಂತೆಯೇ ನಡೆಯತಕ್ಕದ್ದು. ಸಂಖ್ಯೆಯನ್ನು ಹೇಳದಿದ್ದಲ್ಲಿ ೧೫ರಿಂದ ೨೦ ಸಾಕು. ಐದು ಬಗೆಯವು ಇರಲಿ. ಮೊದಲನೆಯದಾಗಿ, ಎದುರಿಗಿಟ್ಟ ವಸ್ತುಗಳು: ಕೊಡ, ಲೋಟ, ಒರಳು, ಮಡಿಸಿದ ಬಟ್ಟೆ. ಎರಡನೆಯದಾಗಿ, ಮನುಷ್ಯರು, ಅದರಲ್ಲಿಯೂ ಕೈಗಳು, ಪಾದಗಳು, ಕೆಲಸದಲ್ಲಿರುವ ದೇಹ. ಮೂರನೆಯದಾಗಿ, ಹೊರಗಿನ ದೃಶ್ಯ: ಸಂತೆ, ಬಸ್ಸು ನಿಲ್ದಾಣ, ಗದ್ದೆಯ ಬದು. ನಾಲ್ಕನೆಯದಾಗಿ, ನೆನಪು ಕಲ್ಪನೆಗಳಿಂದ ಕಟ್ಟಿದ ಚಿತ್ರ. ಐದನೆಯದಾಗಿ, ಬಣ್ಣ ಮತ್ತು ವಿನ್ಯಾಸ. ಇವುಗಳೊಂದಿಗೆ ದಿನನಿತ್ಯದ ಚಿತ್ರಪುಸ್ತಕವನ್ನೂ ಅಳಿಸದೆ, ಹಾಳೆ ಹರಿಯದೆ ತೆಗೆದುಕೊಂಡು ಹೋಗತಕ್ಕದ್ದು. ತಪ್ಪಿ ತಿದ್ದಿದ ಗೆರೆಗಳಿಂದಲೇ ಕಲಿಕೆಯ ಹಾದಿಯು ತಿಳಿಯುತ್ತದೆ.

ಸಾಮಗ್ರಿಗೆ ಹೆಚ್ಚು ಹಣ ಬೇಕಿಲ್ಲ. ಎಚ್‌ಬಿ, ೨ಬಿ, ೬ಬಿ ಎಂಬ ಮೂರು ಸೀಸದಕಡ್ಡಿಗಳು, ಇದ್ದಲಿನ ಕಡ್ಡಿ, ಒಂದು ಜಲವರ್ಣದ ಪೆಟ್ಟಿಗೆ, ಎರಡು ಕುಂಚಗಳು ಸಾಕು. ಇಂಪೀರಿಯಲ್ ಹಾಳೆಯು ೨೨ ಅಂಗುಲ ಅಗಲ, ೩೦ ಅಂಗುಲ ಉದ್ದವಿರುತ್ತದೆ. ನಾಲ್ಕಾಗಿ ಕತ್ತರಿಸಿದರೆ ೧೧ಕ್ಕೆ ೧೫ ಅಂಗುಲದ ನಾಲ್ಕು ಹಾಳೆಗಳಾಗುತ್ತವೆ. ಜಲವರ್ಣದಲ್ಲಿ ತಿಳಿಯಾದ ಬಣ್ಣದಿಂದ ಗಾಢವಾದುದಕ್ಕೆ ಹೋಗಬೇಕು. ಕಾಗದದ ಬಿಳುಪೇ ಅಲ್ಲಿ ಬೆಳಕಾದುದರಿಂದ, ಒಮ್ಮೆ ಮುಚ್ಚಿದ ಬೆಳಕನ್ನು ಮರಳಿ ಪಡೆಯುವುದು ಕಷ್ಟ.

ಸಿದ್ಧತೆಗೆ ಒಂದು ವರುಷವಾದರೂ ಬೇಕು. ದಿನಕ್ಕೆ ಅರ್ಧ ಗಂಟೆ ಬರೆದ ಹುಡುಗಿಯು ಕೊನೆಯ ತಿಂಗಳಲ್ಲಿ ನಿದ್ದೆಗೆಟ್ಟು ಬರೆದವಳಿಗಿಂತ ಮುಂದಿರುತ್ತಾಳೆ. ಕೊನೆಯಲ್ಲಿ ಚಿತ್ರಗಳನ್ನೆಲ್ಲಾ ನೆಲದ ಮೇಲೆ ಹರಡಿ, ದುರ್ಬಲವಾದವುಗಳನ್ನು ತೆಗೆದುಬಿಡಲಿ. ಒಳ್ಳೆಯದೊಂದನ್ನು ಮೊದಲಿಗೂ ಇನ್ನೊಂದನ್ನು ಕೊನೆಗೂ ಇಡಲಿ. ಹಿಂಬದಿಯಲ್ಲಿ ಹೆಸರು, ತಾರೀಕು, ಬಳಸಿದ ಸಾಮಗ್ರಿ, ಅಳತೆಗಳನ್ನು ಬರೆಯಲಿ. ಛಾಯಾಚಿತ್ರಗಳನ್ನು ಕಳುಹಿಸಬೇಕಾದಲ್ಲಿ, ಬಿಸಿಲು ನೇರವಾಗಿ ಬೀಳದ ಹಗಲು ಬೆಳಕಿನಲ್ಲಿ, ಫ್ಲಾಷ್ ಇಲ್ಲದೆ, ಮೊಬೈಲನ್ನು ಚಿತ್ರಕ್ಕೆ ಸಮನಾಗಿ ಹಿಡಿದು ತೆಗೆಯತಕ್ಕದ್ದು. ಅಣ್ಣನಾಗಲಿ ಶಿಕ್ಷಕರಾಗಲಿ ಒಂದು ಗೆರೆಯನ್ನೂ ತಿದ್ದಬಾರದು. ಪರೀಕ್ಷೆಯ ಕೊಠಡಿಯಲ್ಲಿ ಹುಡುಗಿಯು ಒಬ್ಬಳೇ ಕುಳಿತು ಬರೆಯಬೇಕಾಗುತ್ತದೆ.

“ಇದರಿಂದ ಹೊಟ್ಟೆ ತುಂಬೀತೇ?” ಎಂಬ ತಾಯಿತಂದೆಗಳ ಚಿಂತೆಯನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ದೃಶ್ಯಕಲೆಯ ಪದವಿಯಲ್ಲಿ ಚಿತ್ರಕಲೆಯಲ್ಲದೆ ಶಿಲ್ಪ, ಮುದ್ರಣಕಲೆ, ವಾಣಿಜ್ಯಕಲೆಗಳೂ ಇವೆ. ಚಿತ್ರಶಿಕ್ಷಕಿಯ ಕೆಲಸ, ಪುಸ್ತಕ ಪತ್ರಿಕೆಗಳ ವಿನ್ಯಾಸ, ಬಟ್ಟೆಯ ವಿನ್ಯಾಸಗಳಿಗೆ ಅಲ್ಲಿಂದ ದಾರಿಯಿದೆ. ನಮ್ಮ ನಾಡಿನಲ್ಲಿಯೇ ಮೈಸೂರಿನ ಚಾಮರಾಜೇಂದ್ರ ಸಂಸ್ಥೆಯ ಕಟ್ಟಡಕ್ಕೆ ೧೯೦೬ರಲ್ಲಿ ಅಡಿಗಲ್ಲು ಬಿದ್ದಿತು. ಅದು ಇಂದು ಸರ್ಕಾರಿ ದೃಶ್ಯಕಲಾ ಕಾಲೇಜಾಗಿದೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತು ೧೯೬೦ರಲ್ಲಿ ಸ್ಥಾಪಿತವಾಯಿತು. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ೧೯೧೧ರಲ್ಲಿ ಜನಿಸಿದ ಕೆ. ಕೆ. ಹೆಬ್ಬಾರರು, ೧೮೫೭ರಲ್ಲಿ ಆರಂಭವಾದ ಮುಂಬಯಿಯ ಸರ್ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಕೆಲವೇ ಗೆರೆಗಳಲ್ಲಿ ನರ್ತಕರನ್ನೂ ದುಡಿಯುವ ಜನರನ್ನೂ ಬರೆದು ಹೆಸರಾದರು. ನಮ್ಮ ಅಂಗಳದಲ್ಲಿ ದಿನವೂ ಕಾಣುವುದು ಚಿತ್ರಕ್ಕೆ ತಕ್ಕುದಲ್ಲವೆಂದು ಎಣಿಸಬೇಡಿರಿ.

ಆ ಹುಡುಗಿಯ ಸಂಗತಿಯನ್ನು ಹೇಳಿ ಮುಗಿಸುತ್ತೇನೆ. ಮರುವರುಷ ಅವಳು ಅಜ್ಜಿಯ ಚಿತ್ರಗಳನ್ನೇ ಮೇಲಿಟ್ಟುಕೊಂಡು ಹೋದಳು. ಬೆರಳುಗಳನ್ನು ಏಕೆ ಇಷ್ಟು ಸಲ ಬರೆದೆಯೆಂದು ಕೇಳಲು, “ಅವು ನಿಲ್ಲುವುದೇ ಇಲ್ಲ, ಅದಕ್ಕೆ” ಎಂದಳಂತೆ. ಅವಳಿಗೆ ಸ್ಥಳ ದೊರೆಯಿತು. ಅವಳು ಕಳುಹಿಸಿದ ಒಂದು ಚಿತ್ರವು ಈಗ ನನ್ನ ಕೊಠಡಿಯ ಗೋಡೆಯ ಮೇಲಿದೆ. ಚಿತ್ರಗಳನ್ನು ಆರಿಸಿಕೊಡಿರೆಂದು ಯಾರಾದರೂ ಬಂದಾಗ, ಮೊದಲು ಅದನ್ನೊಮ್ಮೆ ನೋಡಿ, ಆಮೇಲೆ ಅವರ ಕಟ್ಟನ್ನು ಬಿಚ್ಚುತ್ತೇನೆ.